ಕಂಪ್ಯೂಟರಿನಲ್ಲಿ ಉಳಿದ ಬೀಸುವ ಪದ

ಪಕ್ಕದ ಮನೆಯ ಮಗು ಫೋನಿನಲ್ಲಿ ಆಟ ಆಡುವಾಗ ಕೀ ಕೀ ಅಂತ ಸಣ್ಣ ಸದ್ದು ಬರುತ್ತದೆ. ಅದು ಕಿವಿಗೆ ಬಿದ್ದರೆ ಸಾಕು, ನನ್ನ ಮೂಗಿಗೆ ರಾಗಿಹಿಟ್ಟಿನ ವಾಸನೆ ಬರುತ್ತದೆ. ಹುಚ್ಚು ಅನ್ನಿ, ಪರವಾಗಿಲ್ಲ. ಧನಗೆರೆಯ ನಮ್ಮ ಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಅವ್ವ ರಾಗಿಕಲ್ಲಿನ ಮುಂದೆ ಕಾಲು ನೀಡಿ ಕೂರುತ್ತಿದ್ದಳು. ಕಲ್ಲು ಗರಗರ ಅನ್ನುತ್ತಿತ್ತು, ಅದರ ಮೇಲೆ ಅವಳ ಪದ. ಮೊದಲ ಸುತ್ತಿನಲ್ಲಿ ಮಾದಪ್ಪ, ಆಮೇಲೆ ನಮ್ಮ ಮನೆಯವರು, ದನಕರು. ಎರಡನೇ ಸುತ್ತಿಗೆ ರಾಗ ಮೇಲೇರುತ್ತಿತ್ತು, ಅಲ್ಲಿ ಅವಳ ತವರಿನವರ ಹೆಸರುಗಳು ಬರುತ್ತಿದ್ದವು. ಬೀಸುವವಳು ತನ್ನ ಹೆಸರನ್ನು ಮಾತ್ರ ಹೇಳಿಕೊಳ್ಳಬಾರದು, ಅದು ನಮ್ಮ ಮನೆಯ ಕ್ರಮ. ನಿಮ್ಮ ಮನೆಯಲ್ಲೂ ಇಂಥ ಒಂದು ಕಲ್ಲು ಇದ್ದಿರಬೇಕು. ನಮ್ಮದರ ಮೇಲಿನ ಹೋಳು ಈಗ ಯಾರದೋ ಬಚ್ಚಲಲ್ಲಿ ಹಾಸುಗಲ್ಲಾಗಿದೆ. ಮನೆ ಬಿದ್ದುಹೋಯಿತು.

ನನ್ನ ತಮ್ಮ ಮಾದೇವ ಅಂಬೆಗಾಲಿಡುವಾಗಲೇ ಅವ್ವ ಜ್ವರ ಬಂದು ಸತ್ತಳು. ನಾನು ಸ್ಕೂಲು ಬಿಟ್ಟೆ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳವೆಲ್ಲ ತಿರುಗುತ್ತಿದ್ದೆ. ನನ್ನ ಸೊಂಟ ಆಗ ಇದ್ದದ್ದೇ ಒಂದು ಹಿಡಿ. ಜಾರುತ್ತಿದ್ದ, ಈ ಕಡೆಯಿಂದ ಆ ಕಡೆಗೆ ಹಾಕಿಕೊಳ್ಳುತ್ತಿದ್ದೆ. ಅವ್ವನ ಪದ ಗುನುಗದಿದ್ದರೆ ನಿದ್ದೆ ಮಾಡುತ್ತಿರಲಿಲ್ಲ, ಕಳ್ಳ.

ಅವನು ಬೆಳೆದು ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ. ಮದುವೆ ಕಾರ್ಡು, ತಿಥಿ ಕಾರ್ಡು, ಪರಿಷೆಯ ಪಾಂಪ್ಲೆಟ್ಟು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಅಡುಗೆ ಮಾಡುತ್ತಿದ್ದೆ. ಕನ್ನಡ ಅಕ್ಷರ ಕೂಡಿಸುವ ಸಾಫ್ಟ್‌ವೇರಿಗೆ ಬೀಗ ಇತ್ತು. ಮಿಷನ್ನಿನ ಹಿಂದೆ ಒಂದು ಪುಟ್ಟ ಡಬ್ಬಿ ಚುಚ್ಚದಿದ್ದರೆ ಅದು ತೆರೆಯುತ್ತಿರಲಿಲ್ಲ. ಮಾದೇವ ಮತ್ತು ಅವನ ಗೆಳೆಯ ಗುರುಸಿದ್ದ ತಿಂಗಳುಗಟ್ಟಲೆ ಕೂತು ಆ ಬೀಗ ಒಡೆದರು. ಹೊರದೇಶಗಳಲ್ಲಿ ಇಂಥ ಗುಂಪುಗಳು ಬಹಳ ಕಾಲದಿಂದ ಇವೆಯಂತೆ. ಬೀಗ ಒಡೆದ ಕಡೆ ಒಂದು ಹಾಡು, ಒಂದಿಷ್ಟು ಬಣ್ಣ, ಸಂಗಡಿಗರ ಹೆಸರು ಪರದೆಯ ಮೇಲೆ ಓಡಿಸಿ ಹೋಗುತ್ತಾರಂತೆ. ಕೆಲವರು ಬೀಗದ ಗೊಡವೆ ಬಿಟ್ಟು ಆ ಹಾಡು ಬಣ್ಣವನ್ನೇ ಹಿಡಿದರಂತೆ, ಈಗಲೂ ಒಂದು ಕಡೆ ಸೇರಿ ಒಬ್ಬರದನ್ನೊಬ್ಬರು ನೋಡುತ್ತಾರಂತೆ. ಇವರೂ ತಮ್ಮ ಗುಂಪಿಗೆ ಮಾದಪ್ಪನ ಮಲೆಗಳ ನೆನಪಿಗೆ ಏಳುಮಲೆ ಅಂತ ಹೆಸರಿಟ್ಟುಕೊಂಡರು. ಇಬ್ಬರೇ ಗುಂಪು! ಒಂದು ದಿನ ಹಿಟ್ಟಿನ ಕೈಯಲ್ಲಿದ್ದ ನನ್ನನ್ನು ಮಾದೇವ ಎಳೆದುಕೊಂಡು ಹೋಗಿ, ಬೀಗ ಒಡೆದ ಸಾಫ್ಟ್‌ವೇರಿಗೆ ತಾವು ಸೇರಿಸಿದ ಹಾಡು ಕೇಳಿಸಿದ.

"ಅವ್ವನ ಪದ ಕಣಕ್ಕ. ಪೂರ್ತಿ ಆಕಿವ್ನಿ."

"ಸೊಳ್ಳೆ ಅಳ್ದಂಗದೆ ಕಣ್ಲಾ. ಬುಡು, ಮುದ್ದೆ ಸೀದೋಯ್ತದೆ," ಅಂದು ನಾನು ಒಲೆಯ ಹತ್ತಿರ ಓಡಿದೆ. ಪೂರ್ತಿ ಕೇಳಲಿಲ್ಲ. ಮುದ್ದೆ ತಳ ಹಿಡಿಯುತ್ತಿತ್ತು.

ಆ ಸಾಫ್ಟ್‌ವೇರು ಕೈಯಿಂದ ಕೈಗೆ ಹೋಯಿತು. ಬೆಳಗಾದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಅಂಗಡಿಗಳಲ್ಲಿ, ಮಾದಪ್ಪನ ಬೆಟ್ಟದ ಲಾಡ್ಜಿನವರ ಹತ್ತಿರ ಕೂಡ, ಮಿಷನ್ ಹಾಕಿದೊಡನೆ ನಮ್ಮವ್ವನ ಪದ ಕೀ ಕೀ ಅನ್ನುತ್ತಿತ್ತು. ಯಾರ ಪದ ಎಂದು ಯಾರಿಗೂ ಗೊತ್ತಿರಲಿಲ್ಲ.

ಮಾದೇವ ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ಅವನ ತಿಥಿ ಕಾರ್ಡು ಅಚ್ಚಾದದ್ದು ಬೇರೆ ಯಾವುದೋ ಹೊಸ ಮಿಷನ್ನಿನಲ್ಲಿ. ತಿಥಿ ಮುಗಿದ ಮೇಲೆ ಒಂದು ಬೆಳಗ್ಗೆ ಒಲೆಯ ಮುಂದೆ ಪದ ಹೇಳಿಕೊಂಡೆ. ಮೊದಲ ಸುತ್ತು ಬಂತು. ಎರಡನೆಯದು ಬರಲಿಲ್ಲ. ರಾಗವೂ ಇಲ್ಲ, ಹೆಸರುಗಳೂ ಇಲ್ಲ. ಕಾಡಂಚಿನ ಅವಳ ತವರಿನಲ್ಲಿ ಈಗ ಯಾರೂ ಉಳಿದಿಲ್ಲ, ಕೇಳೋಣವೆಂದರೆ. ರಾಗ ಸಿಕ್ಕರೆ ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ ಅಂದುಕೊಂಡೆ.   ಮಾದೇವ ಪೂರ್ತಿ ಹಾಕಿದ್ದೇನೆ ಅಂದಿದ್ದನಲ್ಲ, ಅದನ್ನು ಹುಡುಕಿಕೊಂಡು ಹೊರಟೆ.

ನಮ್ಮ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಹಳೆಯ ಮಿಷನ್ ಗುಜರಿಗೆ ಹೋಗಿತ್ತು. ಯಳಂದೂರಿನ ಸ್ಟುಡಿಯೋದವನು ನಕ್ಕ. "ಅದು ಒಸ ಮಿಷನ್ನಲ್ಲಿ ಓಡಕಿಲ್ಲ ಕಣಜ್ಜಿ. ಎಲ್ಲಾ ಅಳಿಸ್ಬುಟ್ಟೊ." ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ಗುರುಸಿದ್ದನ ಅಂಗಡಿಗೆಂದು ಹನೂರಿನ ಬಸ್ಸು ಹಿಡಿದೆ.

ಗುರುಸಿದ್ದನ ತಲೆಯೂ ಬೆಳ್ಳಗಾಗಿತ್ತು. "ಬಾ ಅಕ್ಕ. ಸತ್ತೋಗಿದ್ದೀ ಅಂದ್ಕಂಡಿದ್ದೆ," ಅಂದ.

"ಸಾಯ್ತೀನಿ ತಡಿಯೋ. ಪದ ಕೇಳ್ಕಂಡು ಸಾಯ್ತೀನಿ."

ಕಾರ್ಡಿನ ಡಬ್ಬಗಳ ಅಡಿಯಿಂದ ಒಂದು ಮಿಷನ್ ಎಳೆದ. ಧೂಳು ಒರೆಸಿ, ವೈರು ಸಿಕ್ಕಿಸಿದ. ಅದರ ಹೊಟ್ಟೆಯಲ್ಲಿ ಗರಗರ ಅಂತು, ಥೇಟು ನಮ್ಮ ಕಲ್ಲು. ಕಪ್ಪು ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. ಮಾದೇವ ಚುಕ್ಕಿ ಚುಕ್ಕಿ ಇಟ್ಟು ರಂಗೋಲಿಯ ಹಾಗೆ ಬರೆದಿದ್ದ. ನಾನು ಕೂಡಿಸಿ ಓದುವಷ್ಟರಲ್ಲಿ ಜಾರಿಹೋಗುತ್ತಿದ್ದವು, ಗುರುಸಿದ್ದನೇ ಓದಿದ. ಏಳುಮಲೆ. ಕೆಂಪಮ್ಮ, ಅದು ಅವ್ವ. ಅಪ್ಪ. ಅಕ್ಕ. ಕೆಂದ ಹಸು. ಗುರುಸಿದ್ದ.

"ಅವನೆಸ್ರೆಲ್ಲೋ?"

"ಆಕ್ಕಂಡಿಲ್ಲ ಕಣಕ್ಕ. ಬೀಸೋರ್ ಎಸ್ರು ಪದದಲ್ಲಿ ಬರಬಾರ್ದು ಅಂದ."

ಅಷ್ಟರಲ್ಲಿ ಮೊದಲ ಸುತ್ತು ಮುಗಿಯಿತು. ನಾನು ಮಿಷನ್ನಿಗೆ ಕಿವಿ ಹಚ್ಚಿದೆ. ಸದ್ದು ನಿಂತಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಮೊದಲ ಸುತ್ತೇ ಶುರುವಾಯಿತು.

"ಕೆಟ್ಟೋಯ್ತೇನೋ ಇದು?"

"ಇಲ್ಲಕ್ಕ, ಇರೋದೇ ಇಷ್ಟು. ಆ ಜಾಗ ಬೇಕೂಂತ್ಲೇ ಬುಟ್ಟಿದ್ದು. ನಾನೂ ತಗ್ದಾಕು ಅಂದೆ. ಪದ ಏಳ್ವಾಗ ಅಕ್ಕ ಅಲ್ಲಿ ನಿಲ್ತಿದ್ಲು, ಪದ ಇರಾದೇ ಅಂಗೆ ಅಂದ."

ಮಿಷನ್ ಮತ್ತೆ ಮತ್ತೆ ಹಾಡಿತು, ಅಲ್ಲಿಗೆ ಬಂದಾಗಲೆಲ್ಲ ನಿಂತಿತು. ಅವನಿಗೆ ಅವ್ವನ ದನಿ ಎಲ್ಲಿ ನೆನಪಿರಬೇಕು? ಅವನು ಕಲಿತದ್ದು ನನ್ನಿಂದ. ಅವ್ವನ ತವರಿನ ಸುತ್ತು, ಅವನನ್ನು ಎತ್ತಿಕೊಂಡು ತಿರುಗುವಾಗಲೇ ನನ್ನ ಬಾಯಿಯಿಂದ ಹೋಗಿತ್ತು. ಕೊನೆಯ ಸಲ ಅವಳು ಬೀಸಿದ ಬೆಳಗ್ಗೆಯೇ ಆ ಹೆಸರುಗಳೂ ಮುಗಿದಿದ್ದವು.

"ಫೋನ್‌ಗೆ ಆಕ್ಕೊಡ್ಲಾ ಅಕ್ಕ?" ಅಂದ ಗುರುಸಿದ್ದ. ನಾನು ಮಿಷನ್ನಿಗೆ ಇನ್ನೂ ಕಿವಿ ಹಚ್ಚಿಕೊಂಡೇ ಇದ್ದೆ. ಆ ನಿಂತ ಜಾಗ ಮತ್ತೆ ಬರಲೆಂದು ಕಾಯುತ್ತಿದ್ದೆ. ಅವ್ವನ ಎರಡನೇ ಸುತ್ತು ಇರಬೇಕಾದಲ್ಲಿ, ಧನಗೆರೆಯ ಅಂಗಳದಲ್ಲಿ, ಪದ ನಿಲ್ಲಿಸಿ, ಜಾರುತ್ತಿದ್ದ ತಮ್ಮನನ್ನು ನಾನು ಈ ಸೊಂಟದಿಂದ ಆ ಸೊಂಟಕ್ಕೆ ಹಾಕಿಕೊಳ್ಳುತ್ತಿದ್ದೆ.