ಒಲಿ ಆರಿಸ್ರಿ, ಸೂರ್ಯನ ಕಣ್ಣಿಗಿ ಹೊಗಿ

ಇಡೀ ರಾವೂರಿನಾಗ ಸೂರ್ಯಗ ಸಮೀಪ ಇರೋದು ನನ್ನ ಮಾಳಿಗೀನೇ. ಅದಕ್ಕೇ ಸಂಶೋಧನೆ ಮಾಡೋ ಹುಡುಗಿಯೊಬ್ಬಳು ಬಿಸಿಲು ಅಳೆಯೋ ಡಬ್ಬಿ ತಂದು ನನ್ನ ಮಾಳಿಗಿ ಮ್ಯಾಲ ಇಟ್ಟಳು.

ನಡುಮಧ್ಯಾಹ್ನ. ಫರಸಿಕಲ್ಲಿನ ಖಣಿ ಧೂಳು ಗಾಳ್ಯಾಗ ತೇಲಿ, ಸೂರ್ಯ ಮಜ್ಜಿಗ್ಯಾಗ ಅದ್ದಿದ ರೊಟ್ಟಿ ಹಂಗ ಕಾಣ್ತಿದ್ದ. ಮಾಳಿಗಿ ಸುದ್ದಾ ತೇಲ್ಲಿಕತ್ತದ ಅನಿಸ್ತಿತ್ತು. ಡಬ್ಬಿ ಸದ್ದಿಲ್ಲದೆ ಸೂರ್ಯನ ಕಡೆ ಮುಖ ತಿರುವ್ತಿತ್ತು.

“ಮುತ್ಯಾ, ಕಣ್ಣಿಗಿ ಕಾಣದ ನೇರಳಾತೀತ ಬೆಳಕು ಅದ. ಗಾಳ್ಯಾಗಿನ ಕಣ ಅದನ್ನ ಎಷ್ಟು ನುಂಗತಾವ ಅಂತ ನೋಡ್ಲಿಕತ್ತೀನಿ,” ಅಂದಳು ಹುಡುಗಿ.

“ಕಾಣದೇನವ್ವಾ? ನಾ ಸಣ್ಣಾವಿದ್ದಾಗ ದಿನಾ ನೋಡ್ತಿದ್ದೆ.”

ಆಕಿ ನಕ್ಕಳು. ಸಂಜಿಗಿ ವಾಡಿಯಿಂದ ತನ್ನ ರೈಲು, ಇವತ್ತಿನ ಅಳತಿ ತಪ್ಪಿದರ ಬಂದದ್ದೇ ದಂಡ ಅಂದಳು. ಅಷ್ಟರಾಗ ಓಣ್ಯಾಗಿನ ಒಲಿ ಹತ್ತಿ, ತೊಗರಿ ಕಟ್ಟಿಗಿ ಹೊಗಿ ಡಬ್ಬಿ ಕಡೆ ಬಂತು. ಮಾಳಿಗಿ ಅಂಚಿಗಿ ನಿಂತು ಕೂಗಿದೆ:

“ಒಲಿ ಆರಿಸ್ರಿ! ಸೂರ್ಯನ ಕಣ್ಣಿಗಿ ಹೊಗಿ ಹೋಗಲಿಕತ್ತದ!”

ನನ್ನ ಒಂದೇ ಕೂಗಿಗಿ ಶಹಾಬಾದಿನ ತನಕ ಒಲಿ ಆರಿದವು. ಆಕಾಶ ನಿದ್ದಿ ಹೋದಂಗ ಸುಮ್ಮನಾಯಿತು.

ಹುಡುಗಿ ತಲಿ ಹಿಡಕೊಂಡು ಕುಂತಳು. “ಅಯ್ಯೋ ಮುತ್ಯಾ, ಆ ಬೆಳಕು ಹೆಚ್ಚು ನುಂಗೋದೇ ಹೊಗಿ. ಅದನ್ನೇ ಅಳೀಲಿಕ್ಕ ಬಂದೀನಿ!”

“ಒಲಿ ಹಚ್ರಿ!” ಅಂತ ಮತ್ತ ಕೂಗಿದೆ. ಓಣಿಯಿಂದ ಬೈಗುಳ ಬಂದವು, ಹೊಗಿ ಬರಲಿಲ್ಲ. ಕೆಳಗಿಳಿದು, ಆರಿದ ಒಲಿ ಮುಂದ ಕುಂತಿದ್ದ ನಮ್ಮ ಮುದುಕಿಗಿ ಕೈ ಮುಗಿದೆ.

“ನೀವೇ ಆರಿಸೀರಿ, ನೀವೇ ಊದ್ರಿ,” ಅಂತ ಊದುಗೊಳವಿ ಕೈಗಿ ಕೊಟ್ಟಳು.

ಊದಿದೆ. ಡಬ್ಬಿಗಿ ಹೊಟ್ಟಿತುಂಬ ಅಳತಿ ಸಿಕ್ಕಿತು. ಅಂಥಾ ಹೊಗಿ ಚಿತ್ತಾಪುರ ಸೀಮ್ಯಾಗ ಇನ್ನೊಬ್ಬರು ಎಬ್ಬಿಸಿಲ್ಲ. ಹುಡುಗಿ ಹಂಗ ಅನ್ನಲಿಲ್ಲ ಖರೆ. ಪಾಪ, ಅಷ್ಟು ಕೆಮ್ಮಿನಾಗ ಮಾತು ಎಲ್ಲಿಂದ ಬರಬೇಕು?