ಎರಡನೆಯ ಸರ್ವರ್

ಈಗ ನಾನು ಸಾಗರದಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಆದರೂ ಎಲ್ಲಾದರೂ ಯಂತ್ರದ ಫ್ಯಾನು ಗುಂಯ್‌ಗುಟ್ಟಿದರೆ ಹೊಸನಗರ ಕಡೆಯ ಆ ಸಣ್ಣ ಜಲವಿದ್ಯುತ್ ಘಟಕದ ಕಂಟ್ರೋಲ್ ರೂಮು ನೆನಪಾಗುತ್ತದೆ. ಹಗಲು ಪಾಳಿಯಲ್ಲಿ ನಾವಿಬ್ಬರೇ ಇರುತ್ತಿದ್ದೆವು: ಹೊಸದಾಗಿ ಸೇರಿದ್ದ ನಾನು, ಮತ್ತು ತೀರ್ಥಹಳ್ಳಿಯವರಾದ ಹಿರಿಯ ಇಂಜಿನಿಯರ್. ಸರ್ವರ್‌ಗಳೂ ಎರಡು. ಒಂದು ನೀರಿನ ಮಟ್ಟವನ್ನೂ ಗೇಟುಗಳನ್ನೂ ಕ್ಷಣಕ್ಷಣ ನೋಡಿಕೊಳ್ಳುತ್ತಿತ್ತು. ಅದು ಕೆಟ್ಟರೆ ಇರಲಿ ಎಂದು ಇನ್ನೊಂದು.

ಬೇಸಿಗೆಯಲ್ಲಿ ಅವರು ಆಗಾಗ ಮೊದಲನೆಯದನ್ನು ಬೇಕೆಂದೇ ನಿಲ್ಲಿಸಿ ಎರಡನೆಯದಕ್ಕೆ ಕೆಲಸ ಒಪ್ಪಿಸುತ್ತಿದ್ದರು.

"ಸರಿಯಾಗಿ ಓಡ್ತಿರೋದನ್ನ ಎಂತಕ್ಕೆ ನಿಲ್ಸೋದು ಸರ್?" ಎಂದು ಕೇಳಿದೆ.

"ಸುಮ್ನೆ ಕೂತಿರೋದು ಸರಿ ಇದ್ಯೋ ಇಲ್ವೋ ಹೆಂಗೆ ಗೊತ್ತಾಗ್ಬೇಕು? ಕೆಡೋದಿದ್ರೆ ನೀರು ಕಮ್ಮಿ ಇದ್ದಾಗ್ಲೇ ಕೆಡ್ಲಿ ಮಾರಾಯ್ತಿ."

ಒಮ್ಮೆ ಹಾಗೇ ಆಯಿತು. ಎರಡನೆಯದಕ್ಕೆ ಬದಲಿಸಿದಾಗ ಪರದೆಯ ಮೇಲೆ ಹಿಂದಿನ ದಿನದ ನೀರಿನ ಮಟ್ಟವೇ ನಿಂತುಬಿಟ್ಟಿತ್ತು. ಇಬ್ಬರೂ ಕೂತು ಅದನ್ನು ಪೂರ್ತಿ ಬಿಚ್ಚಿ ಸರಿಮಾಡಿದೆವು. ಅವರ ಬುತ್ತಿಯ ಕಡುಬಿನಲ್ಲಿ ನನಗೂ ಪಾಲು ಸಿಕ್ಕಿತು.

ಆ ಮಳೆಗಾಲದಲ್ಲಿ ಅವರ ಮಗಳ ಸೀಮಂತವಿತ್ತು. ಬೆಳಿಗ್ಗೆ ನನಗೆ ಕೆಲಸ ಒಪ್ಪಿಸಿ ಬಸ್ಸಿಗೆ ಹೊರಟವರು ಬಾಗಿಲಲ್ಲಿದ್ದಾಗ ಮೊದಲನೆಯ ಸರ್ವರ್ ಆರಿಹೋಯಿತು. ಪರದೆ ಒಮ್ಮೆ ಮಿನುಗಿತು. ಎರಡನೆಯದು ಕೆಲಸ ಹಿಡಿದುಕೊಂಡಿತ್ತು.

"ಸದ್ಯ. ಮಳೆ ಇಳಿದ್ಮೇಲೆ ರಿಪೇರಿ ಮಾಡಣ ಸರ್."

"ಈಗ ಇದ್ರ ಬೆನ್ನಿಗೆ ಇನ್ನೊಂದಿಲ್ಲ. ಇವತ್ತೇ ಆಗ್ಬೇಕು," ಎಂದು ಅವರು ಚೀಲ ಕೆಳಗಿಟ್ಟರು.

"ನೀವು ಹೊರಡಿ. ಬೇಸಿಗೇಲಿ ನಿಮ್ಜೊತೆ ನಾನೂ ಬಿಚ್ಚಿ ಜೋಡಿಸಿದೀನಲ್ಲ."

ಅವರು ನನ್ನನ್ನೂ ಯಂತ್ರವನ್ನೂ ನೋಡಿದರು. ಹೊರಗೆ ಬಸ್ಸು ಹಾರ್ನ್ ಹಾಕಿತು. ಬಿಡಿಭಾಗಗಳ ಕಪಾಟಿನ ಬೀಗದಕೈ ನನ್ನ ಕೈಗಿಟ್ಟು ಹೋದರು.

ಸುಟ್ಟುಹೋಗಿದ್ದ ಪವರ್ ಸಪ್ಲೈ ತೆಗೆದು, ಕಪಾಟಿನಲ್ಲಿದ್ದ ಹೊಸದನ್ನು ಹಾಕಿದೆ. ಒಂದು ಸ್ಕ್ರೂ ಎರಡು ಸಲ ಜಾರಿ ಬಿತ್ತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಯಂತ್ರ ಎದ್ದಿತು. ಫೋನ್ ಮಾಡಿದೆ. ಆ ಕಡೆ ಹೆಂಗಸರ ನಗು, ಪಾತ್ರೆಗಳ ಸದ್ದು.

"ಎರಡೂ ಓಡ್ತಿದಾವೆ ಸರ್."

"ಹಂಗಾದ್ರೆ ನಾನೂ ಊಟಕ್ಕೆ ಕೂರ್ತೀನಿ," ಎಂದರು.