ಕೊಟ್ರಮ್ಮನ ಮೂರನೇ ಮಿಷನ್ನು

ಹೆದರುವುದರಲ್ಲಿ ಕೊಟ್ರಮ್ಮನನ್ನು ಮೀರಿಸುವವರು ರಾಯದುರ್ಗ ಸೀಮೆಯಲ್ಲೇ ಇಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ನಗೆಯಾಡಿದ್ದೇನೆ. ಹಲ್ಲಿ ಕಂಡರೆ ಹೆದರುತ್ತಾಳೆ, ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಹೆದರುತ್ತಾಳೆ, ಹೆಡ್ಮಾಸ್ಟರು ಕರೆದರೆ ಏನು ಎತ್ತ ಎಂದು ಕೇಳುವ ಮೊದಲೇ "ತಪ್ಪಾತ್ರಿ ಸರ್" ಅನ್ನುತ್ತಾಳೆ. ತೆಲುಗು ರಾಜ್ಯದ ಗಡಿಯೊಳಗಿರುವ, ಕಣೇಕಲ್ಲು ರಸ್ತೆಯ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಅವಳು ಕಂಪ್ಯೂಟರ್ ಹೇಳಿಕೊಡುವವಳು, ನಾನು ಕನ್ನಡ ಪಂಡಿತ. ನನ್ನದು ಖಾಯಂ ನೌಕರಿ. ಅವಳದು ವರ್ಷ ವರ್ಷವೂ ಹೆಡ್ಮಾಸ್ಟರ ಒಂದು ಸಹಿಯ ಮೇಲೆ ನಿಂತದ್ದು. ಇಷ್ಟು ಗೊತ್ತಿದ್ದೂ ನಾನು ನಗುತ್ತಿದ್ದೆ.

ಮನೆಯಲ್ಲಿ ಅವರದು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು. ಬೆಳಿಗ್ಗೆ ಎರಡು ತಾಸು, ಸಂಜೆ ಮೂರು ತಾಸು ಅವಳೂ ಮಿಷನ್ನಿಗೆ ಕೂರಬೇಕು. ಆ ಶೆಡ್ಡಿನ ರೀತಿನೀತಿಗಳನ್ನು ಅವಳು ಶಾಲೆಗೂ ತಂದಿದ್ದಳು. ಬಟ್ಟೆ ಪರರದು, ಅದರ ಮೇಲೆ ಇಂಕಿನಲ್ಲಿ ಗುರುತು ಹಾಕಬಾರದು, ಸೀಮೆಸುಣ್ಣದ ಬಿಲ್ಲೆಯಲ್ಲೇ ಗೆರೆ ಎಳೆಯಬೇಕು. ಮಿಷನ್ನನ್ನು ಒಂದು ಜಾಗದಲ್ಲಿ ಬೋಲ್ಟು ಬಿಗಿದು ಕೂರಿಸಿದ ಮೇಲೆ ಮತ್ತೆ ಕದಲಿಸಬಾರದು. ಅವರಲ್ಲಿ ಮಿಷನ್ನಿಗೆ ಜಾಗವೇ ಹೆಸರು: ಬಾಗಿಲ ಮಿಷನ್ನು, ಕಿಟಕಿ ಮಿಷನ್ನು, ಅತ್ತೆ ಮೂಲೆ ಮಿಷನ್ನು.

ನಮ್ಮ ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರುಗಳು, ಎಲ್ಲವೂ ಒಂದೇ ತರದ ಕರಿ ಪೆಟ್ಟಿಗೆಗಳು. ಮೂರನೆಯದರಲ್ಲಿ ಕೊಟ್ರಮ್ಮನ ಒಂಬತ್ತು ವರ್ಷವಿತ್ತು. ತೆಲುಗಿನಲ್ಲಿ ಕೈಗೆ ಸಿಕ್ಕ ಹತ್ತನೇ ತರಗತಿಯ ಮಾದರಿ ಪ್ರಶ್ನೆಗಳನ್ನು ನಾವು ಮೇಷ್ಟ್ರುಗಳು ಕನ್ನಡಕ್ಕೆ ಮಾಡಿಕೊಟ್ಟರೆ, ಅವಳು ಕೂತು ಟೈಪು ಮಾಡುತ್ತಿದ್ದಳು. ವಿಜ್ಞಾನ, ಸಮಾಜ, ಗಣಿತ, ಉತ್ತರ ಸಮೇತ ನಾನೂರು ಪುಟಕ್ಕೂ ಮಿಕ್ಕಿ. ಪರೀಕ್ಷೆ ಹತ್ತಿರ ಬಂದಾಗ, ಕನ್ನಡದಲ್ಲಿ ಬೇರೇನೂ ಸಿಗದ ನಮ್ಮ ಮಕ್ಕಳಿಗೆ ಅದರ ಪರದೆಯೇ ಗತಿ. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ವೈರಸ್ ಬರುತ್ತದೆ ಎಂದು ಲ್ಯಾಬಿನ ಬಾಗಿಲಿಗೆ ಅವಳೇ ಚೀಟಿ ಅಂಟಿಸಿದ್ದಳು. ನೆಟ್ಟಿನಲ್ಲಿ ಇಡೋಣವೆಂದರೆ ಯಾರಾದರೂ ಕದ್ದರೆ ಎಂಬ ಹೆದರಿಕೆ.

ಹೋದ ಸೆಪ್ಟೆಂಬರಿನಲ್ಲಿ ಪರದೆಗಳ ಮೇಲೆ ಒಂದು ಸೂಚನೆ ಬರತೊಡಗಿತು. ಈ ವಿಂಡೋಸಿಗೆ ಅಕ್ಟೋಬರ್ ಹದಿನಾಲ್ಕರ ನಂತರ ಕಂಪನಿ ರಿಪೇರಿ ಮಾಡುವುದಿಲ್ಲ, ಹೊಸದಕ್ಕೆ ಈ ಕಂಪ್ಯೂಟರು ತಕ್ಕದ್ದಲ್ಲ ಎಂದು. ಕೊಟ್ರಮ್ಮ ಬಿಳಿಚಿಕೊಂಡು ನನ್ನ ಕ್ಲಾಸಿನ ಬಾಗಿಲಿಗೇ ಬಂದಳು.

"ಪಂಡಿತ್ರೀ, ಹದಿನಾಕಕ್ಕ ಎಲ್ಲಾ ನಿಂತ್ ಬಿಡ್ತಾವಂತ್ರಿ."

"ನಿಂತರ ನಿಲ್ಲಲಿ ಬಿಡು. ಹತ್ತು ವರ್ಷ ದುಡಿದಾವ," ಅಂದೆ ನಾನು.

ಹೆಡ್ಮಾಸ್ಟರು ರೇಣುಕಾಪ್ರಸಾದರು ನನ್ನ ಹಾಗೆ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಯಾರೋ ಕಂಪ್ಯೂಟರ್ ಅಂಗಡಿಯವನು ಅವರ ತಲೆ ಕೆಡಿಸಿದ್ದ. ಹದಿನಾಲ್ಕರ ಮೇಲೆ ಕಳ್ಳರು ನೆಟ್ಟಿನಿಂದ ಒಳಗೆ ನುಗ್ಗುತ್ತಾರೆ, ಮಕ್ಕಳ ಆಧಾರ್ ನಂಬರೆಲ್ಲ ಹೋಗುತ್ತವೆ, ಹನ್ನೊಂದನ್ನೂ ಗುಜರಿಗೆ ಹಾಕಿ ಅಂದಿದ್ದನಂತೆ. ದಸರಾ ರಜೆ ಮುಗಿದ ಮೊದಲ ದಿನವೇ ಗುಜರಿಯ ವ್ಯಾನು ಬರುವುದೆಂದು ಗೊತ್ತಾಯಿತು. ಅವತ್ತು ಕೊಟ್ರಮ್ಮ ಊಟದ ಡಬ್ಬಿ ಬಿಚ್ಚಲಿಲ್ಲ. ಲ್ಯಾಬು ಹೋದರೆ ಅವಳ ಕೆಲಸವೂ ಹೋದಂತೆ. ಆದರೆ ಅವಳ ಬಾಯಲ್ಲಿ ಬಂದದ್ದು ಕೆಲಸದ ಮಾತಲ್ಲ, ಮೂರನೇ ಮಿಷನ್ನಿನ ಮಾತು. ಅವಳು ಟೈಪು ಮಾಡಿದ್ದು ಹಳೇ ಕಾಲದ ಕನ್ನಡ ಫಾಂಟಿನ ಅಕ್ಷರದಲ್ಲಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಸೊಟ್ಟ ಗೆರೆ, ಪ್ರಶ್ನಾರ್ಥಕ ಚಿಹ್ನೆ.

ಕಣೇಕಲ್ಲಿನ ಶಾಲೆಯಲ್ಲಿ ಗೋವರ್ಧನ್ ಎಂಬ ಗಣಿತದ ಮೇಷ್ಟ್ರು ತಮ್ಮ ಹಳೇ ಕಂಪ್ಯೂಟರುಗಳನ್ನು ಬದುಕಿಸಿಕೊಂಡಿದ್ದಾರೆಂದು ಕೇಳಿ, ಹೆದರುತ್ತಲೇ ಅವರಿಗೆ ಫೋನು ಮಾಡಿದಳು. ಅವರು ಹೇಳಿದ್ದಿಷ್ಟು: ಗಟ್ಟಿ ಇರುವವಕ್ಕೆ ವಿಂಡೋಸಿನ ಬದಲು ಲಿನಕ್ಸ್ ಹಾಕು, ಅದಕ್ಕೆ ದುಡ್ಡಿಲ್ಲ, ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕೆಟ್ಟವುಗಳ ಬಿಡಿಭಾಗ ತೆಗೆದಿಟ್ಟುಕೋ. ಹಳೇ ಅಕ್ಷರವಿರುವುದನ್ನು ಮಾತ್ರ ಮುಟ್ಟಬೇಡ, ನೆಟ್ಟಿನ ವೈರು ಕಿತ್ತು ಒಂಟಿಯಾಗಿ ಇಟ್ಟುಬಿಡು. ಇದನ್ನೇ ಅವಳು ಹೆಡ್ಮಾಸ್ಟರಿಗೆ ಶೆಡ್ಡಿನ ಭಾಷೆಯಲ್ಲಿ ಹೇಳಿದಳು.

"ಪ್ಯಾಂಟ್ ಹೊಲಿಯಾಕ ಆಗದ ಹಳೇ ಮಿಷನ್ನ ನಾವು ಮಾರಂಗಿಲ್ರಿ ಸರ್. ಬರೇ ಕಾಜಾ ಹಾಕಾಕ ಇಟ್ಕಂತೀವಿ. ಗುಂಡಿ ಕಣ್ಣು ಹೊಲೀತಾವ, ಬ್ಯಾರೆ ಏನೂ ಮಾಡಂಗಿಲ್ಲ. ಮೂರನೇದು ಕಾಜಾ ಮಿಷನ್ ಆಗ್ಲಿರಿ."

ರೇಣುಕಾಪ್ರಸಾದರು ಒಂದು ರಿಜಿಸ್ಟರು ಮುಂದೆ ತಳ್ಳಿದರು. ಏನೇ ಹಾಳಾದರೂ ಹೊಣೆ ತನ್ನದೇ ಎಂದು ಬರೆದು ಸಹಿ ಹಾಕಬೇಕು. ಸಹಿ ಹಾಕುವಾಗ ಅವಳ ಅಕ್ಷರ ಗೆರೆಯಿಂದ ಕೆಳಗೆ ಜಾರಿದ್ದನ್ನು ನಾನು ನೋಡಿದೆ.

ರಜೆಗೆ ಮುಂಚಿನ ಕೊನೆಯ ದಿನ ಅವಳು ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದ ಬಿಲ್ಲೆಯಲ್ಲಿ ಗುರುತು ಮಾಡಿದಳು. ಎಂಟಕ್ಕೆ ಅಡ್ಡಗೆರೆ, ಅಂದರೆ ಅಳಿಸಿ ಲಿನಕ್ಸ್ ಹಾಕುವುದು. ಕೆಟ್ಟ ಎರಡಕ್ಕೆ ಸೊನ್ನೆ. ಮೂರನೆಯದಕ್ಕೆ ಗುಂಡಿಕಣ್ಣಿನಂಥ ಒಂದು ಕಾಜಾ ಗೆರೆ, ಅಂದರೆ ಮುಟ್ಟಬಾರದ್ದು. ಸರಕಾರದ ಮಾಲಿನ ಮೇಲೆ ಇಂಕು ಹಾಕಲು ಅವಳ ಕೈ ಬರಲಿಲ್ಲ. ಶೆಡ್ಡಿನಲ್ಲಿ ಹಬ್ಬಕ್ಕೆ ಹೊಲಿದ ಪ್ಯಾಂಟುಗಳ ಲಾಟು ಕಳಿಸುವುದಿತ್ತು, ಮಧ್ಯಾಹ್ನವೇ ಮನೆಗೆ ಹೋದಳು.

ಹಬ್ಬ ರಜೆಯಲ್ಲಿ ಬರುವುದರಿಂದ ಆ ಮಧ್ಯಾಹ್ನವೇ ಶಾಲೆಯಲ್ಲಿ ಆಯುಧಪೂಜೆ. ಆಯಾ ಮೂಕಮ್ಮ ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಬಂದು, ಪೆಟ್ಟಿಗೆಗಳನ್ನು ವರಾಂಡಕ್ಕೆ ತಂದುಕೊಡಿ ಅಂದಳು. ತಂದುಕೊಟ್ಟವನು ನಾನು. ಅವಳು ಒರೆಸಿ, ವಿಭೂತಿ ಬಳಿದು, ಚೆಂಡುಹೂ ಏರಿಸಿದಳು. ಪೂಜೆಯಾದ ಮೇಲೆ ಒಳಗಿಟ್ಟವನೂ ನಾನೇ. ಕೈಗೆ ಯಾವುದು ಸಿಕ್ಕಿತೋ ಅದು, ಜಾಗ ಯಾವುದು ಕಂಡಿತೋ ಅಲ್ಲಿ. ಮಂಡಕ್ಕಿ, ಪುಟಾಣಿ ತಿಂದು ಮನೆಗೆ ಹೋದೆ.

ರಜೆಯಲ್ಲಿ ಒಂದು ದಿನ ಕೊಟ್ರಮ್ಮ ಕೆಲಸಕ್ಕೆ ಕೂತಳು. ಖಾಲಿ ಶಾಲೆಯಲ್ಲಿ ಒಬ್ಬಳೇ ಇರಲು ಹೆದರಿಕೆಯೆಂದು ನನ್ನನ್ನೂ ಕರೆದಿದ್ದಳು. ನಾನು ಮೂಲೆಯಲ್ಲಿ ಪೇಪರು ಓದುತ್ತಿದ್ದೆ. ಸುಣ್ಣದ ಗುರುತು ಅಳಿಸಿಹೋದದ್ದನ್ನು ಅವಳು ನೋಡಿದಳು.

"ಮೂಕಮ್ಮ ವರಸ್ಯಾಳ. ಇರ್ಲಿ, ಜಾಗ ಗೊತ್ತೈತಲ್ರಿ ನಂಗ," ಅಂದಳು.

ಪೆಟ್ಟಿಗೆಗಳು ಜಾಗ ಬಿಟ್ಟು ಕದಲಬಹುದು ಎಂಬುದೇ ಅವಳ ಮನಸ್ಸಿಗೆ ಬರಲಿಲ್ಲ. ಬೋಲ್ಟು ಬಿಗಿದ ಮಿಷನ್ನುಗಳ ನಡುವೆ ಬದುಕಿದವಳು. ನನಗಾದರೂ ಹೊಳೆಯಬೇಕಿತ್ತು. ನಾನು ಪೇಪರಿನ ಒಳಪುಟ ತಿರುವಿದೆ.

ಒಂದನೆಯದು, ಎರಡನೆಯದು ಆಯಿತು. ಮೂರನೆಯದನ್ನು ದಾಟಿ ನಾಲ್ಕು, ಐದು. ಒಂದೊಂದೂ ಹೊಸ ಪರದೆಯಲ್ಲಿ ಏಳುವಾಗ ಅವಳ ಮುಖದಲ್ಲಿ ಅಪರೂಪದ ಗೆಲುವು. ಆಮೇಲೆ ನೆಟ್ಟಿನ ವೈರು ಕೀಳುವ ಮೊದಲು ಒಮ್ಮೆ ನೋಡೋಣವೆಂದು ಮೂರನೆಯದನ್ನು ಹಚ್ಚಿದಳು.

ನಾನು ತಲೆ ಎತ್ತಿದಾಗ ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತಿದ್ದಳು.

"ಇದು ಅದಲ್ರಿ," ಅಂದಳು.

ಆಗ ನನಗೆ ವರಾಂಡ ನೆನಪಾಯಿತು. ಇಪ್ಪತ್ತೆಂಟು ವರ್ಷ ಮಕ್ಕಳನ್ನು ಗದರಿಸಿದವನು ನಾನು. ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಅಳಿಸದೆ ಉಳಿದವು ಇನ್ನು ಆರಿದ್ದವು, ಅವುಗಳಲ್ಲೊಂದು ಇರಬಹುದು ಎಂಬ ಆಸೆ. ಆರನೆಯದನ್ನು ಹಚ್ಚುವಾಗ ಅವಳು ಕಣ್ಣು ಮುಚ್ಚಿಕೊಂಡಳು. ಅದಲ್ಲ. ಏಳನೆಯದೂ ಅಲ್ಲ. ಕೆಟ್ಟ ಎರಡು ಮಿಣುಕಲೂ ಇಲ್ಲ. ಕೊನೆಗೆ ಉಳಿದ ಎರಡರ ಮುಂದೆ ಅವಳಿಗೆ ಬೆರಳು ಎತ್ತಲಾಗಲಿಲ್ಲ. ನಾನು ಹೋಗಿ ಒತ್ತಿದೆ.

ಎರಡರಲ್ಲೂ ಇರಲಿಲ್ಲ. ಮೊದಲು ಅಳಿಸಿದ ನಾಲ್ಕರಲ್ಲೊಂದಾಗಿ ಅದು ಅವಳ ಕೈಯಿಂದಲೇ ಅಳಿದುಹೋಗಿತ್ತು. ಗೋವರ್ಧನ್ ಫೋನಿನಲ್ಲಿ, ಇನ್ನು ತರಲಾಗದು ತಾಯಿ ಎಂದರು.

ಶಾಲೆ ತೆರೆದ ದಿನ ಅವಳು ಯಾರೂ ಕರೆಯದೆ ಹೆಡ್ಮಾಸ್ಟರ ಕೋಣೆಗೆ ಹೋದಳು. ಹಿಂದೆ ನಾನೂ ಹೋದೆ. ಪೆಟ್ಟಿಗೆ ಕದಲಿದ ಮಾತನ್ನು ಹೇಳಿಬಿಡಬೇಕೆಂದೇ ಹೋದೆ.

"ಮೂರನೇದು ಅಳಿಸಿಬಿಟ್ಟೀನ್ರಿ ಸರ್. ತಪ್ಪು ನಂದು," ಅಂದಳು. ಹೆದರಿಕೆಯಲ್ಲೂ ಮಾತು ಪೂರ್ತಿ ಹೇಳಿದಳು.

ಹೆಡ್ಮಾಸ್ಟರು ಸಹಿಯ ರಿಜಿಸ್ಟರು ತೆಗೆದರು, ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತೆ. ವ್ಯಾನು ಬಂದು ಕೆಟ್ಟ ಎರಡರ ಬರೀ ಡಬ್ಬಿಗಳನ್ನು ಮಾತ್ರ ಒಯ್ದಿತು. ಉಳಿದವು ಓಡುತ್ತಿದ್ದದ್ದರಿಂದ ಅವಳ ಕೆಲಸಕ್ಕೆ ಮಾರ್ಚಿನವರೆಗೆ ಗಡುವು ಸಿಕ್ಕಿತು. ಹತ್ತನೆಯವರ ಫಲಿತಾಂಶ ಕುಸಿದರೆ ಮುಂದಿನ ವರ್ಷದ ಸಹಿ ಇಲ್ಲ ಎಂದು ಅದೇ ರಿಜಿಸ್ಟರಿನಲ್ಲಿ ಬರೆಯಲಾಯಿತು.

ಮರುದಿನ ಅವಳು ಒಂದು ತಂತಿ ಹಿಡಿದು ಬಂದಳು. ಅದಕ್ಕೆ ಪೋಣಿಸಿದ್ದು ಪ್ಯಾಂಟಿನ ಪ್ಯಾಟರ್ನುಗಳು, ಬಟ್ಟೆ ಕತ್ತರಿಸಲು ಅಳತೆಗೆ ಇಡುವ ರಟ್ಟುಗಳು. ಜೇಬು, ಬೆಲ್ಟಿನ ಪಟ್ಟಿ, ಹಿಂಭಾಗ. ಒಂಬತ್ತು ವರ್ಷ ಶಾಲೆಯ ಕೆಟ್ಟ ಪ್ರಿಂಟುಗಳನ್ನು ಮನೆಗೊಯ್ದಿದ್ದಳಂತೆ, ಅತ್ತೆ ಅವನ್ನು ರಟ್ಟಿಗೆ ಅಂಟಿಸಿ ಪ್ಯಾಟರ್ನು ಕತ್ತರಿಸಿದ್ದಳಂತೆ. ಒಂದು ಜೇಬಿನ ಮೇಲೆ ‘ದ್ಯುತಿಸಂಶ್ಲೇಷಣೆಗೆ ಬೇಕಾದ’ ಎಂಬಲ್ಲಿಗೆ ಕತ್ತರಿ ಆಡಿತ್ತು. ಎಣಿಸಿದರೆ ಎಪ್ಪತ್ತು ಪುಟವೂ ಆಗಲಿಲ್ಲ. ಆ ಅರ್ಧಗಳನ್ನು ಮಕ್ಕಳ ಮುಂದಿಟ್ಟು, ಉಳಿದರ್ಧ ಅವರಿಂದಲೇ ಬರೆಸಿ, ಹೊಸ ಅಕ್ಷರದಲ್ಲಿ ಟೈಪು ಮಾಡಿಸತೊಡಗಿದಳು. ಈ ಅಕ್ಷರ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಬಾಗಿಲ ಚೀಟಿ ಕಿತ್ತು, ಮೂರು ಪೆನ್‌ಡ್ರೈವಿನಲ್ಲಿ ಪ್ರತಿ ಇಟ್ಟಳು. ಒಂದು ಶೆಡ್ಡಿನ ಪ್ಯಾಟರ್ನು ತಂತಿಗೇ ನೇತುಬಿದ್ದಿದೆ.

ನಾನು ಮಾತ್ರ ಅವಳು ಎದುರು ಬಂದರೆ ಹೆದರುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಲ್ಯಾಬಿಗೆ ಹೋಗಿ, "ಕೊಟ್ರಮ್ಮ, ಅವತ್ತು ಪೆಟ್ಟಿಗಿ ಅದಲುಬದಲು ಮಾಡಿದಾಂವ ನಾನು," ಅಂದೆ.

ಅವಳು ಟೈಪು ಮಾಡುವುದನ್ನು ನಿಲ್ಲಿಸಲಿಲ್ಲ. "ಗೊತ್ರಿ. ಶಾಲಿ ತೆರೆದ ದಿನ ಮೂಕಮ್ಮ ಗೇಟಿನಾಗ ಹೇಳಿದ್ಲು."

"ಮತ್ತ ಹೆಡ್ಮಾಸ್ಟರ ಮುಂದ ಯಾಕ ಹೇಳ್ಲಿಲ್ಲ?"

"ನೀವು ಭಾಳ ಹೆದರಿದ್ರಿ," ಅಂದಳು. "ಹೆದರಿಕಿ ಹೆಂಗಿರ್ತೈತಿ ಅಂತ ನಂಗ ಗೊತ್ತಲ್ರಿ."

ನಾನು ಅಲ್ಲಿಂದ ನೆಟ್ಟಗೆ ಹೆಡ್ಮಾಸ್ಟರ ಕೋಣೆಗೆ ಹೋಗಿ ರಿಜಿಸ್ಟರು ಕೇಳಿದೆ. ಅವಳ ಜಾರಿದ ಸಹಿಯ ಕೆಳಗೆ ನಡೆದದ್ದನ್ನು ಬರೆದು ನನ್ನ ಸಹಿ ಹಾಕಿದೆ. ಅದೂ ಗೆರೆಯ ಮೇಲೆ ನಿಲ್ಲಲಿಲ್ಲ.